ಎರಡನೆಯ ಪ್ರಶ್ನೆ ಇಲ್ಲದ ಸಂಜೆಗಳು

ಮಹಾನಗರದ ನವೋದ್ಯಮ ಸಭೆಗಳಿಗೆ ವಾರವಿಡೀ ಅಲೆದು, ಕೊನೆಗೆ ನಿದ್ದೆಗೆಟ್ಟು ಆಪ್ತಸಲಹೆಗೆಂದು ನನ್ನ ಬಳಿ ಬರುವವರು ಕಳೆದ ಕೆಲವು ವರ್ಷಗಳಲ್ಲಿ ಹೆಚ್ಚಿದ್ದಾರೆ. ಈ ಪ್ರಕರಣವನ್ನು ಬರೆಯಲು ಅದೊಂದು ಕಾರಣ. ಇಂಥವರಲ್ಲಿ ಒಬ್ಬರಿಗೆ ನಾನು ಮೊದಲು ಕೊಟ್ಟ ಸಲಹೆ ತಪ್ಪಾಗಿತ್ತು ಎಂಬುದು ಇನ್ನೊಂದು ಕಾರಣ. ಆ ವ್ಯಕ್ತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನೂ ಅವರ ತಂತ್ರಾಂಶದ ಸ್ವರೂಪವನ್ನೂ ಬದಲಿಸಿದ್ದೇನೆ.

ಇಲ್ಲಿ ಅವರನ್ನು ಸಂಸ್ಥಾಪಕರು ಎಂದೇ ಕರೆಯುತ್ತೇನೆ, ಏಕೆಂದರೆ ಮೊದಲ ಭೇಟಿಯಲ್ಲಿ ಅವರು ತಮ್ಮ ಹೆಸರಿಗಿಂತ ಮುಂಚೆ ಹೇಳಿದ್ದು ಆ ಪದವನ್ನು. ವಯಸ್ಸು ಮೂವತ್ತರ ಆಸುಪಾಸು. ಕೆಲಸ ಬಿಟ್ಟು ಒಂದು ವರ್ಷ ದಾಟಿತ್ತು. ಸಣ್ಣ ಗೋದಾಮುಗಳ ದಾಸ್ತಾನು ಲೆಕ್ಕ ಇಡುವ ತಂತ್ರಾಂಶವೊಂದನ್ನು ಒಬ್ಬರೇ ಕುಳಿತು ಕಟ್ಟುತ್ತಿದ್ದರು. ಖರ್ಚಿಗೆ ಅವರ ಅಕ್ಕ ಸ್ವಂತ ಉಳಿತಾಯದಿಂದ ಹಣ ಕೊಟ್ಟಿದ್ದರು. ವಾರಕ್ಕೆ ನಾಲ್ಕು ಸಂಜೆ ಯಾವುದಾದರೊಂದು ಸಭೆ ಇದ್ದೇ ಇರುತ್ತಿತ್ತು: ಹೂಡಿಕೆದಾರರ ಉಪನ್ಯಾಸ, ಕೃತಕ ಬುದ್ಧಿಮತ್ತೆಯ ಕುರಿತ ಚರ್ಚೆ, ಉದ್ಯಮದ ಕಲ್ಪನೆಯನ್ನು ಚುಟುಕಾಗಿ ಮಂಡಿಸುವ ಪಿಚ್ ಸ್ಪರ್ಧೆ, ಅದರ ಬಳಿಕ ಪರಸ್ಪರ ಪರಿಚಯದ ಒಂದು ಗಂಟೆ. ಮನೆಗೆ ಮರಳಿದ ಮೇಲೆ ನಿದ್ದೆ ಹತ್ತುತ್ತಿರಲಿಲ್ಲ, ಬೆಳಗ್ಗೆ ಕಂಪ್ಯೂಟರ್ ತೆರೆಯಲು ಮನಸ್ಸು ಬರುತ್ತಿರಲಿಲ್ಲ. ತಮಗೆ ಶಿಸ್ತಿಲ್ಲ, ಅದನ್ನು ಕಲಿಸಿಕೊಡಿ ಎಂದು ಕೇಳಿಕೊಂಡೇ ಬಂದಿದ್ದರು.

ಸಭೆಗಳನ್ನು ವಾರಕ್ಕೆ ಒಂದಕ್ಕೆ ಇಳಿಸಿ, ಉಳಿದ ಸಂಜೆಗಳನ್ನು ಕೆಲಸಕ್ಕೆ ಇಡಿ ಎಂದೆ. ಕೇಳಲು ಸರಿಯಾಗಿಯೇ ಇದ್ದ ಮಾತು. ಮೂರು ವಾರಗಳ ನಂತರ ಅವರು ಬಂದಾಗ ಮುಖ ಇನ್ನಷ್ಟು ಸೊರಗಿತ್ತು. ಸಂಜೆಗಳು ಖಾಲಿಯಾಗಿದ್ದವೇ ಹೊರತು ಕೆಲಸ ಒಂದಿಷ್ಟೂ ಸಾಗಿರಲಿಲ್ಲ. ಒಬ್ಬರೇ ಉದ್ಯಮ ಕಟ್ಟುವವರಿಗೆ ಆ ಸಭೆಗಳೇ ದಿನದ ಏಕೈಕ ಮನುಷ್ಯ ಸಂಪರ್ಕವಾಗಿರಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಔಷಧ ಯಾವುದು, ರೋಗ ಯಾವುದು ಎಂದು ನೋಡದೆಯೇ ಪ್ರಮಾಣ ತಗ್ಗಿಸಿದ್ದೆ.

ನಾಲ್ಕನೆಯ ಭೇಟಿಯಲ್ಲಿ ನಾನು ಸಲಹೆಯ ಮಾತನ್ನೇ ಎತ್ತಲಿಲ್ಲ. ಸಭಾಂಗಣದ ಬಾಗಿಲು ದಾಟಿದ ಕ್ಷಣದಿಂದ ಏನೇನಾಗುತ್ತದೆ, ನಿಧಾನವಾಗಿ ಹೇಳಿ ಎಂದೆ. ಹೆಸರು ಬರೆದ ಚೀಟಿ ಕೊರಳಿಗೆ ಬೀಳುತ್ತದೆ, ಯಾರೋ ಒಬ್ಬರು ನಗುತ್ತಾ ಬಂದು "ನೀವೇನು ಮಾಡುತ್ತಿದ್ದೀರಿ?" ಎನ್ನುತ್ತಾರೆ ಎಂದರು. ನೀವೇನು ಹೇಳುತ್ತೀರಿ ಎಂದು ಕೇಳಿದೆ. ಆಗ ಅವರು ಕುರ್ಚಿಯಲ್ಲಿ ನೆಟ್ಟಗಾದರು. ಮೂವತ್ತು ಸೆಕೆಂಡಿನ ಆ ಪರಿಚಯ ಎಷ್ಟು ನಯವಾಗಿತ್ತೆಂದರೆ, ಅರ್ಧ ಗಂಟೆಯಿಂದ ತಡವರಿಸುತ್ತಿದ್ದ ವ್ಯಕ್ತಿ ಇವರೇ ಹೌದೇ ಎನಿಸಿತು. ಸಮಸ್ಯೆ, ಪರಿಹಾರ, ಮಾರುಕಟ್ಟೆಯ ಗಾತ್ರ, ಮುಂದಿನ ಹೆಜ್ಜೆ, ಎಲ್ಲವೂ ಅದರಲ್ಲಿದ್ದವು. ನಿಜಕ್ಕೂ ಕುತೂಹಲ ಕೆರಳಿ, ಯಾವ ಉದ್ದೇಶವೂ ಇಲ್ಲದೆ ಕೇಳಿಬಿಟ್ಟೆ: "ಇದನ್ನು ಬಳಸಿ ನೋಡಿದ ಗೋದಾಮಿನವರು ಏನೆಂದರು?"

ಅವರು ಉತ್ತರಿಸಲಿಲ್ಲ. ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, ಬಳಿಕ ಹೇಳಿದರು: "ನೋಡಿ, ಅಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಅಲ್ಲಿ ಎರಡನೆಯ ಪ್ರಶ್ನೆಯೇ ಇರುವುದಿಲ್ಲ. ಮೊದಲನೆಯದಕ್ಕೆ ಉತ್ತರ ಮುಗಿಯುವಷ್ಟರಲ್ಲಿ ಅವರೂ ತಮ್ಮದನ್ನು ಹೇಳಬೇಕಾಗಿರುತ್ತದೆ, ಆಮೇಲೆ ಇಬ್ಬರೂ ಬೇರೆಯವರತ್ತ ತಿರುಗುತ್ತೇವೆ." ನಾನು ಸುಮ್ಮನಿದ್ದೆ. ಆಗ ತಾವಾಗಿಯೇ ಸೇರಿಸಿದರು: "ಎರಡನೆಯ ಪ್ರಶ್ನೆ ಕೇಳುವುದು ಅಕ್ಕ ಒಬ್ಬಳೇ. ಅದಕ್ಕೇ ತಿಂಗಳಿಂದ ಅವಳ ಫೋನ್ ಎತ್ತಿಲ್ಲ."

ತಂತ್ರಾಂಶವನ್ನು ಒಬ್ಬ ಗೋದಾಮು ಉಸ್ತುವಾರಿಗೂ ಅವರು ತೋರಿಸಿರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಅದರ ಕತೆ ಹೇಳಿದ್ದರು, ಆ ಇನ್ನೂರರಲ್ಲಿ ಗೋದಾಮು ನಡೆಸುವವರು ಒಬ್ಬರೂ ಇರಲಿಲ್ಲ.

ಇದನ್ನು ಸೋಮಾರಿತನ ಎಂದು ಕರೆಯುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಳ್ಳೆಯ ವಕೀಲರಾಗಬೇಕೆಂದು ಸಂಕಲ್ಪಿಸಿದ ಕಾನೂನು ವಿದ್ಯಾರ್ಥಿಗಳೂ ಇದ್ದರು. ತಮ್ಮ ಸಂಕಲ್ಪವನ್ನು ಇನ್ನೊಬ್ಬರು ಗಮನಿಸಿದ್ದಾರೆಂದು ತಿಳಿದವರು, ಹಾಗೆ ತಿಳಿಯದವರಿಗಿಂತ ಕಡಿಮೆ ಹೊತ್ತು ಕೆಲಸ ಮಾಡಿದರು. ಎಲ್ಲ ಬಗೆಯ ಗುರಿಗಳಿಗೂ ಈ ಮಾತು ಅನ್ವಯಿಸದು. "ನಾನು ಇಂಥವನಾಗಬೇಕು" ಎಂಬ, ತನ್ನ ಗುರುತಿಗೇ ಸಂಬಂಧಿಸಿದ ಗುರಿಗಳಿಗೆ ಅನ್ವಯಿಸುತ್ತದೆ. ಸಂಸ್ಥಾಪಕ ಎಂಬುದು ಅಂಥದೇ ಗುರುತು. ಅದನ್ನು ಕೊರಳಚೀಟಿಯಲ್ಲಿ ಬರೆಸಿಕೊಂಡು, ವಾರಕ್ಕೆ ನಾಲ್ಕು ಬಾರಿ ಅಪರಿಚಿತರ ತಲೆದೂಗುವಿಕೆಯನ್ನು ಪಡೆದವರಿಗೆ ಕೆಲಸದ ಕೂಲಿ ಮುಂಗಡವಾಗಿಯೇ ಸಂದಾಯವಾಗಿರುತ್ತದೆ. ಬೆಳಗ್ಗೆ ಕಂಪ್ಯೂಟರ್ ಎದುರು ಕೈ ಏಳದಿದ್ದುದಕ್ಕೆ ನಾನು ಕಂಡ ಕಾರಣ ಇದು.

ಇದನ್ನು ವಿವರಿಸಿದಾಗ ಅವರು ಸುಲಭವಾಗಿ ಸೋಲಲಿಲ್ಲ. ದುರ್ಬಲ ಪರಿಚಯಗಳೇ ಬದುಕನ್ನು ಬದಲಿಸುತ್ತವೆ ಎಂದು ಒಬ್ಬ ಭಾಷಣಕಾರರು ಹೇಳಿದ್ದನ್ನು ನನ್ನ ಮುಂದಿಟ್ಟರು. ಆ ಮಾತಿನ ಮೂಲ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನ. ಅದರ ಪ್ರಕಾರ, ಪರಿಚಿತರ ಮೂಲಕ ಉದ್ಯೋಗ ಕಂಡುಕೊಂಡವರಲ್ಲಿ, ಆ ಪರಿಚಿತರನ್ನು ಆಗಾಗ ನೋಡುತ್ತಿದ್ದವರು ಶೇ 16.7 ಮಾತ್ರ, ಎಂದಾದರೊಮ್ಮೆ ನೋಡುತ್ತಿದ್ದವರು ಶೇ 55.6, ಅಪರೂಪಕ್ಕೆ ನೋಡುತ್ತಿದ್ದವರು ಶೇ 27.8. ಆದರೆ ವೇದಿಕೆಯ ಮೇಲೆ ಬಿಟ್ಟುಹೋಗುವ ಒಂದು ಸಂಗತಿಯಿದೆ. ಆ ದುರ್ಬಲ ಪರಿಚಯಗಳಲ್ಲಿ ಬಹಳಷ್ಟು, ಹಳೆಯ ಸಹೋದ್ಯೋಗಿ, ಹಿಂದಿನ ಮೇಲಧಿಕಾರಿ, ಕಾಲೇಜಿನ ಗೆಳೆಯ ಇಂಥವರದು. ಅವರು ಒಮ್ಮೆ ಈ ವ್ಯಕ್ತಿಯ ಕೆಲಸವನ್ನೋ ಸ್ವಭಾವವನ್ನೋ ಕಣ್ಣಾರೆ ಕಂಡವರು. ಕೋಡ್ ಸ್ಕ್ಯಾನ್ ಮಾಡಿ ಲಿಂಕ್ಡ್‌ಇನ್‌ಗೆ ಸೇರಿಸಿಕೊಂಡ ಮುಖವನ್ನು ಆ ಸಾಲಿಗೆ ಸೇರಿಸುವುದು ಗ್ರಾನೊವೆಟರ್ ಅವರಿಗೆ ಮಾಡುವ ಅನ್ಯಾಯ.

ಹಾಗೆಂದು ಸಭೆಗಳು ನಿಷ್ಪ್ರಯೋಜಕ ಎಂದು ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಪೂರ್ತಿ ಬಿಡಿ ಎಂದಿದ್ದರೆ ಮೊದಲ ತಪ್ಪನ್ನೇ ದೊಡ್ಡದಾಗಿ ಮಾಡಿದಂತಾಗುತ್ತಿತ್ತು. ನಾನು ಕೊಟ್ಟ ಸಲಹೆ ಹೀಗಿತ್ತು: ಯಾವುದೇ ಸಭೆಗೆ ಹೆಸರು ನೋಂದಾಯಿಸುವ ಮುನ್ನ ಆ ವಾರ ಒಂದು ಗೋದಾಮಿಗೆ ಹೋಗಿ, ಉಸ್ತುವಾರಿಯ ಪಕ್ಕ ಒಂದು ಗಂಟೆ ಕುಳಿತು, ತಂತ್ರಾಂಶವನ್ನು ಅವರ ಕೈಗೆ ಕೊಟ್ಟು, ತಾವು ಬಾಯಿ ಮುಚ್ಚಿಕೊಂಡಿರಬೇಕು. ಅಲ್ಲಿ ಹುಟ್ಟಿದ, ತಮಗೆ ಉತ್ತರ ತಿಳಿಯದ ಒಂದು ಪ್ರಶ್ನೆಯನ್ನು ಹಿಡಿದುಕೊಂಡೇ ಸಭೆಗೆ ಹೋಗಬೇಕು. ಪ್ರಶ್ನೆ ಹುಟ್ಟದ ವಾರ ಸಭೆಯಿಲ್ಲ. ಹೋದಲ್ಲಿ ಇಬ್ಬರೊಡನೆ ಮಾತ್ರ ಮಾತನಾಡಬೇಕು, ಮತ್ತು ಎರಡನೆಯ ಪ್ರಶ್ನೆಯನ್ನು ತಾವೇ ಮೊದಲು ಕೇಳಬೇಕು. ಮಾತು ನಿಜಕ್ಕೂ ಬೆಳೆದಿದ್ದರೆ, ಆ ಮಾತನ್ನೇ ನೆನಪಿಸಿ ಎರಡು ದಿನಗಳೊಳಗೆ ನಾಲ್ಕು ಸಾಲು ಬರೆಯಬೇಕು.

ಇಬ್ಬರು ಎಂಬ ಮಿತಿಯನ್ನು ಕೇಳಿ ಅವರು ನಕ್ಕರು. ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇನ್‌ಗ್ರಾಮ್ ಮತ್ತು ಮೈಕಲ್ ಮಾರಿಸ್ ಅವರ 2007ರ ಅಧ್ಯಯನವನ್ನು ಅವರಿಗೆ ಹೇಳಿದೆ. ಅದರಲ್ಲಿ ಸುಮಾರು ನೂರು ಮಂದಿ ಉದ್ಯಮ ವಲಯದವರಿಗೆ ವಿದ್ಯುನ್ಮಾನ ಬಿಲ್ಲೆ ತೊಡಿಸಿ, ಕೂಟದಲ್ಲಿ ಯಾರು ಯಾರೊಡನೆ ನಿಂತರೆಂದು ದಾಖಲಿಸಿದ್ದರು. ಹೊಸಬರ ಪರಿಚಯ ಬೇಕೆಂದೇ ಹೇಳಿದ್ದವರು, ಅಲ್ಲಿ ಹೆಚ್ಚಾಗಿ ವಾಲಿದ್ದು ತಮಗೆ ಮೊದಲೇ ಗೊತ್ತಿದ್ದವರ ಕಡೆಗೆ. ಬರಿಯ ಇಚ್ಛೆಯಿಂದ ಯಾರೂ ಬೆರೆಯುವುದಿಲ್ಲ. ಕೈಯಲ್ಲೊಂದು ಪ್ರಶ್ನೆಯಿದ್ದವರಿಗೆ ಇಬ್ಬರನ್ನು ಹುಡುಕುವುದೇ ಸಾಕಷ್ಟು ಕೆಲಸ.

ಈ ಸಲಹೆಯ ಬಗ್ಗೆ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಗೋದಾಮಿಗೆ ಕಳುಹಿಸುವುದು ವ್ಯವಹಾರ ಮಾರ್ಗದರ್ಶಕರ ಕೆಲಸ, ಆಪ್ತಸಲಹೆಗಾರರದಲ್ಲ ಎಂಬುದು ಅವರ ವಾದ. ನನ್ನ ಲೆಕ್ಕ ಬೇರೆ. ಎತ್ತರಕ್ಕೆ ಹೆದರುವವರನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಕ್ರಮವನ್ನು ನಾವು ಹಿಂಜರಿಯದೆ ಬಳಸುತ್ತೇವೆ; ಈ ವ್ಯಕ್ತಿ ಹೆದರಿ ತಪ್ಪಿಸಿಕೊಳ್ಳುತ್ತಿದ್ದ ಎತ್ತರ ಗೋದಾಮಿನೊಳಗಿತ್ತು. ಹಾಗಾದರೆ ನಾನು ಅವರನ್ನು ಇನ್ನೆಲ್ಲಿಗೆ ಕಳುಹಿಸಬೇಕಿತ್ತು? ಅಕ್ಕನಿಗೆ ಕರೆ ಮಾಡಿ ಎಂದು ಮಾತ್ರ ನಾನು ಹೇಳಲಿಲ್ಲ. ಹೇಳಿದ್ದರೆ ಅದೂ ಒಂದು ಪರೀಕ್ಷೆಯಾಗುತ್ತಿತ್ತು, ಅದಕ್ಕೂ ಅವರು ಮೂವತ್ತು ಸೆಕೆಂಡಿನ ಉತ್ತರ ಸಿದ್ಧಮಾಡಿಕೊಳ್ಳುತ್ತಿದ್ದರು.

ಮೊದಲ ಎರಡು ವಾರ ಅವರು ಗೋದಾಮಿಗೂ ಹೋಗಲಿಲ್ಲ, ಸಭೆಗೂ ಹೋಗಲಿಲ್ಲ. ಮೂರನೆಯ ವಾರ ಹೋದರು. ಉಸ್ತುವಾರಿ ತಂತ್ರಾಂಶವನ್ನು ಹತ್ತು ನಿಮಿಷ ಒತ್ತಿ ನೋಡಿ, "ಹರಿದ ಮೂಟೆಯನ್ನು ಇದರಲ್ಲಿ ಎಲ್ಲಿ ಬರೆಯುವುದು?" ಎಂದು ಕೇಳಿದರಂತೆ. ಬಂದದ್ದು, ಹೋದದ್ದು, ಉಳಿದದ್ದು, ಈ ಮೂರೇ ಅಂಕಣಗಳಿದ್ದ ಆ ತಂತ್ರಾಂಶದಲ್ಲಿ ಕೆಟ್ಟುಹೋದ ಸರಕಿಗೆ ಜಾಗವೇ ಇರಲಿಲ್ಲ. ಇದನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆಯಿತ್ತು, ಆದರೆ ಮಾತು ತಡವರಿಸಲಿಲ್ಲ.

ಈಗಲೂ ಅವರಿಗೆ ಬಂಡವಾಳ ಸಿಕ್ಕಿಲ್ಲ. ಅರೆಕಾಲಿಕ ಕೆಲಸವೊಂದನ್ನು ಹಿಡಿದಿದ್ದಾರೆ, ತಿಂಗಳಿಗೊಂದು ಸಭೆಗೆ ಹೋಗುತ್ತಾರೆ. ಅಕ್ಕನ ವಿಷಯವನ್ನು ನಾನು ಕೊನೆಯವರೆಗೂ ಕೇಳಲಿಲ್ಲ. ಕೊನೆಯ ಭೇಟಿಯಲ್ಲಿ ಹೊರಡುವ ಮುನ್ನ ಅವರೇ ಹೇಳಿದರು: ಹರಿದ ಮೂಟೆಯ ಸಂಗತಿಯನ್ನು ಅಕ್ಕನಿಗೆ ಅದೇ ರಾತ್ರಿ ಹೇಳಿದ್ದರಂತೆ, ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು, "ಸರಿ, ಈಗ ಎಲ್ಲಿ ಬರೆಯುತ್ತೀಯಾ?" ಎಂದರಂತೆ.