ಚಂದ್ರ ಕಾಣಲಿಲ್ಲವೇ? ಸೂರ್ಯನನ್ನು ಹುಡುಕಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಚಂದ್ರನದೇ. ಉಳಿದವು ಋತು, ನಕ್ಷತ್ರ, ಟೆಲಿಸ್ಕೋಪು. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧ ಇಲ್ಲ ಅನ್ನಿಸಬಹುದು, ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಬರೆಯಲು ಕೂತಾಗ ನಾನು ಮೊದಲು ಮಾಡುವುದು ಒಂದೇ ಕೆಲಸ: ಈಗ ಸೂರ್ಯ ಎಲ್ಲಿದ್ದಾನೆ ಅಂತ ಕೇಳಿಕೊಳ್ಳುವುದು. ಪ್ರಶ್ನೆ ನಡುರಾತ್ರಿಯದ್ದಾದರೂ ಸರಿ.

ಪ್ರಶ್ನೆ: ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣಗಾಗುತ್ತಾನೆ ಎಂದು ಮಗಳಿಗೆ ಹೇಳಿಕೊಟ್ಟಿದ್ದೆ. ಮೊನ್ನೆ ಮಧ್ಯಾಹ್ನ ಅರ್ಧ ಚಂದ್ರ ಕಂಡಿತು. "ಅಪ್ಪಾ, ಸೂರ್ಯ ಈ ಕಡೆ, ಚಂದ್ರ ಆ ಕಡೆ, ಇಬ್ಬರೂ ಮೇಲೇ ಇದ್ದಾರೆ, ನಮ್ಮ ನೆರಳು ಅಲ್ಲಿಗೆ ಹೇಗೆ ಹೋಯ್ತು?" ಅಂದಳು. ನನ್ನ ಬಾಯಿ ಕಟ್ಟಿತು.

ಉತ್ತರ: ಮಗಳು ಗೆದ್ದಳು ಸರ್. ಭೂಮಿಯ ನೆರಳು ಬೀಳುವುದು ಯಾವಾಗಲೂ ಸೂರ್ಯನಿಗೆ ತೀರಾ ಎದುರು ದಿಕ್ಕಿನಲ್ಲಿ. ಸೂರ್ಯ ಮೇಲಿದ್ದಾನೆ ಅಂದರೆ ಆ ನೆರಳು ನಿಮ್ಮ ಕಾಲ ಕೆಳಗೆ, ಭೂಮಿಯ ಆಚೆ ಬದಿಯಿಂದ ಹೊರಟುಹೋಗಿರುತ್ತದೆ. ಮೇಲಿರುವ ಚಂದ್ರನನ್ನು ಅದು ಮುಟ್ಟುವ ಮಾತೇ ಇಲ್ಲ.

ಚಂದ್ರನಿಗೆ ಸ್ವಂತ ಬೆಳಕಿಲ್ಲ. ಸೂರ್ಯನ ಕಡೆಗಿರುವ ಅರ್ಧ ಬೆಳಗಿರುತ್ತದೆ, ಇನ್ನರ್ಧ ಕತ್ತಲು. ಹುಣ್ಣಿಮೆಯ ದಿನವೂ ಅಷ್ಟೇ, ಅಮಾವಾಸ್ಯೆಯ ದಿನವೂ ಅಷ್ಟೇ. ಬದಲಾಗುವುದು ಆ ಬೆಳಗಿದ ಅರ್ಧದಲ್ಲಿ ಎಷ್ಟು ಭಾಗ ನಮ್ಮ ಕಡೆಗಿದೆ ಅನ್ನುವುದು ಮಾತ್ರ.

ಇದನ್ನು ಚಿತ್ರ ಬರೆದು ವಿವರಿಸುವವರೇ ಜಾಸ್ತಿ, ಆದರೆ ಆ ಚಿತ್ರಗಳು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಮಗಳ ಕೈಗೆ ಒಂದು ತಿಳಿ ಬಣ್ಣದ ಚೆಂಡು ಕೊಡಿ. ಅಮಾವಾಸ್ಯೆ ಕಳೆದು ಏಳನೇ ದಿನದ ಸುಮಾರಿಗೆ, ಮಧ್ಯಾಹ್ನ ಮೂರು ನಾಲ್ಕು ಗಂಟೆಯ ಹೊತ್ತಿಗೆ, ಪೂರ್ವದ ಕಡೆ ಅರ್ಧ ಚಂದ್ರ ಚೆನ್ನಾಗಿ ಮೇಲೆ ಬಂದಿರುತ್ತದೆ. ಬಿಸಿಲಲ್ಲಿ ನಿಂತು, ಕೈ ಪೂರ್ತಿ ಚಾಚಿ, ಚೆಂಡು ಚಂದ್ರನ ಪಕ್ಕದಲ್ಲೇ ಕಾಣುವ ಹಾಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಲಿ. ಚಂದ್ರ ಅರ್ಧ ಇದ್ದರೆ ಚೆಂಡಿನಲ್ಲೂ ಅರ್ಧವೇ ಬಿಸಿಲು. ಬೆಳಕು ಮುಗಿದು ಕತ್ತಲು ಶುರುವಾಗುವ ಗೆರೆ ಚಂದ್ರನಲ್ಲಿ ಎಷ್ಟು ಓರೆಯಾಗಿದೆಯೋ ಚೆಂಡಿನಲ್ಲೂ ಅಷ್ಟೇ ಓರೆ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೂರದಲ್ಲಿರುವುದರಿಂದ ಚೆಂಡಿಗೂ ಚಂದ್ರನಿಗೂ ಬೆಳಕು ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ ಬರುತ್ತದೆ. ಚೆಂಡಿನ ಮೇಲೆ ಯಾರ ನೆರಳೂ ಬಿದ್ದಿಲ್ಲ ಅನ್ನುವುದು ಅವಳಿಗೇ ಕಾಣುತ್ತದೆ.

ಆಮೇಲೆ ಒಂದು ಕೈ ಚಂದ್ರನ ಕಡೆ, ಇನ್ನೊಂದು ಕೈ ಸೂರ್ಯನ ದಿಕ್ಕಿಗೆ ಚಾಚಲಿ (ಸೂರ್ಯನನ್ನು ನೋಡುವುದು ಬೇಡ, ದಿಕ್ಕಿಗೆ ತೋರಿಸಿದರೆ ಸಾಕು). ಅರ್ಧ ಚಂದ್ರನಿದ್ದರೆ ಎರಡು ಕೈಗಳ ನಡುವೆ ಲಂಬಕೋನ. ತೆಳು ಬಿದಿಗೆ ಚಂದ್ರನಾದರೆ ಕೈಗಳು ಹತ್ತಿರ ಹತ್ತಿರ. ಹುಣ್ಣಿಮೆಯ ಸಂಜೆ ಒಂದು ಕೈ ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ. ಈ ಕೋನ ಒಂದು ಸುತ್ತು ಮುಗಿಸಲು 29 ದಿನ ಮತ್ತು ಇನ್ನರ್ಧ ದಿನ ಬೇಕು, ಅದೇ ಅಮಾವಾಸ್ಯೆಯಿಂದ ಅಮಾವಾಸ್ಯೆಯ ಲೆಕ್ಕ.

ಪ್ರಶ್ನೆ: ಹಾಗಾದರೆ ಹುಣ್ಣಿಮೆಯ ದಿನ ಚಂದ್ರ ಸೂರ್ಯನಿಗೆ ಎದುರೇ ಇರುತ್ತಾನಲ್ಲ. ಪ್ರತಿ ಹುಣ್ಣಿಮೆಗೂ ಗ್ರಹಣ ಯಾಕಾಗುವುದಿಲ್ಲ?

ಉತ್ತರ: ಎದುರು ಹೌದು, ನೇರ ಎದುರು ಅಲ್ಲ. ಭೂಮಿ ಸೂರ್ಯನನ್ನು ಸುತ್ತುವ ದಾರಿಗೆ ಹೋಲಿಸಿದರೆ ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆ. ಐದೇ ಡಿಗ್ರಿ ಅಲ್ವಾ ಅನ್ನಬೇಡಿ. ಆಕಾಶದಲ್ಲಿ ಚಂದ್ರನ ಅಗಲವೇ ಅರ್ಧ ಡಿಗ್ರಿ, ಚಂದ್ರ ಇರುವ ದೂರದಲ್ಲಿ ಭೂಮಿಯ ಗಾಢ ನೆರಳಿನ ಅಗಲ ಒಂದೂವರೆ ಡಿಗ್ರಿಯೂ ಇಲ್ಲ. ಹಾಗಾಗಿ ಹೆಚ್ಚಿನ ಹುಣ್ಣಿಮೆಗಳಲ್ಲಿ ಚಂದ್ರ ನೆರಳಿನ ಮೇಲಿಂದಲೋ ಕೆಳಗಿಂದಲೋ ಆರಾಮಾಗಿ ದಾಟಿಹೋಗುತ್ತಾನೆ. ಎರಡು ದಾರಿಗಳು ಒಂದನ್ನೊಂದು ಕತ್ತರಿಸುವ ಜಾಗದ ಹತ್ತಿರವೇ ಹುಣ್ಣಿಮೆ ಬಿದ್ದರೆ ಮಾತ್ರ ಗ್ರಹಣ, ಆ ಅವಕಾಶ ಸುಮಾರು ಆರು ತಿಂಗಳಿಗೊಮ್ಮೆ ಬರುತ್ತದೆ.

ಭೂಮಿಯ ನೆರಳು ನಿಜವಾಗಿ ಚಂದ್ರನ ಮೇಲೆ ಬೀಳುವುದು ಆಗ ಮಾತ್ರ. ಆಗ ಆ ನೆರಳಿನ ಅಂಚು ನೋಡಿ, ಯಾವ ಗ್ರಹಣದಲ್ಲೂ ಅದು ದುಂಡಗೇ ಇರುತ್ತದೆ. ಭೂಮಿ ಗುಂಡಗಿದೆ ಅನ್ನುವುದಕ್ಕೆ ಅರಿಸ್ಟಾಟಲ್ ಇದನ್ನೇ ಸಾಕ್ಷಿ ಕೊಟ್ಟಿದ್ದ.

ಪ್ರಶ್ನೆ: ಹುಣ್ಣಿಮೆ ಕಳೆದು ನಾಲ್ಕೈದು ದಿನ ಆಗಿತ್ತು. ರಾತ್ರಿ ಎಂಟಕ್ಕೆ ಹೊರಗೆ ಬಂದು ನೋಡಿದರೆ ಚಂದ್ರನೇ ಇಲ್ಲ. ಮೋಡವೂ ಇರಲಿಲ್ಲ. ಇನ್ನೂ ಅರ್ಧಕ್ಕಿಂತ ಜಾಸ್ತಿ ಇರಬೇಕಿತ್ತಲ್ಲ, ಎಲ್ಲಿ ಹೋಯಿತು?

ಉತ್ತರ: ಎಲ್ಲೂ ಹೋಗಿಲ್ಲ, ಇನ್ನೂ ಹುಟ್ಟಿಲ್ಲ. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ, ಕೈ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ 10 ಡಿಗ್ರಿ, ಅದಕ್ಕಿಂತ ತುಸು ಜಾಸ್ತಿ. ಅಷ್ಟು ದೂರ ತಿರುಗಿ ಅವನನ್ನು ಹಿಡಿಯಲು ಭೂಮಿಗೆ ಇನ್ನಷ್ಟು ಹೊತ್ತು ಬೇಕು. ಅದಕ್ಕೇ ಚಂದ್ರೋದಯ ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟಿದವನು ಒಂದು ವಾರದಲ್ಲಿ ಮಧ್ಯರಾತ್ರಿಗೆ ಬಂದು ನಿಂತಿರುತ್ತಾನೆ. ನೀವು ಹೇಳುವ ದಿನ ಹತ್ತು ಗಂಟೆಯವರೆಗೆ ಕಾದಿದ್ದರೆ ಕಾಣುತ್ತಿತ್ತು. ಇಲ್ಲವೇ ಸುಮ್ನೆ ಮಲಗಿ, ಮರುದಿನ ಬೆಳಗ್ಗೆ ಏಳೂವರೆಗೆ ಪಶ್ಚಿಮದ ಕಡೆ ನೋಡಿ, ಬಿಸಿಲಲ್ಲೇ ಬೆಳ್ಳಗೆ ಇರುತ್ತಾನೆ. ಕೃಷ್ಣ ಪಕ್ಷದ ಚಂದ್ರನನ್ನು ಬೆಳಗ್ಗೆ ಹುಡುಕುವವರೇ ಕಡಿಮೆ, ಎಲ್ಲರಿಗೂ ಚಂದ್ರ ಅಂದರೆ ಸಂಜೆಯದೇ.

ಚಂದ್ರ ಸರಿಯುವುದನ್ನು ಕಣ್ಣಾರೆ ನೋಡುವ ಆಸೆ ಇದ್ದರೆ, ಅವನ ಹತ್ತಿರ ಒಂದು ನಕ್ಷತ್ರ ಇರುವ ರಾತ್ರಿ ಹುಡುಕಿ. ಒಂದು ಗಂಟೆ ಬಿಟ್ಟು ನೋಡಿದರೆ ಚಂದ್ರ ಆ ನಕ್ಷತ್ರದ ಲೆಕ್ಕದಲ್ಲಿ ತನ್ನದೇ ಅಗಲದಷ್ಟು ಪೂರ್ವಕ್ಕೆ ಜರುಗಿರುತ್ತಾನೆ.

ಪ್ರಶ್ನೆ: ಜನವರಿಯಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುತ್ತದೆ ಅಂತ ಓದಿದೆ. ಹಾಗಾದರೆ ಆಗಲೇ ಸೆಕೆ ಜಾಸ್ತಿ ಇರಬೇಕಿತ್ತು. ತಪ್ಪು ಓದಿದೆನೇ?

ಉತ್ತರ: ಸರಿಯಾಗಿಯೇ ಓದಿದ್ದೀರಿ. ಜನವರಿ ಮೊದಲ ವಾರದಲ್ಲಿ ದೂರ ಸುಮಾರು 14.71 ಕೋಟಿ ಕಿ.ಮೀ., ಜುಲೈ ಮೊದಲ ವಾರದಲ್ಲಿ 15.21 ಕೋಟಿ ಕಿ.ಮೀ. ಐವತ್ತು ಲಕ್ಷ ಕಿ.ಮೀ. ವ್ಯತ್ಯಾಸ ಅಂದರೆ ಕೇಳಲು ದೊಡ್ಡದು, ಒಟ್ಟು ದೂರದಲ್ಲಿ ಅದು ಶೇಕಡಾ 3ರ ಆಸುಪಾಸು. ಇದರಿಂದ ಭೂಮಿಗೆ ಬರುವ ಬಿಸಿಲಿನಲ್ಲಿ ಸುಮಾರು ಶೇಕಡಾ 7ರಷ್ಟು ಹೆಚ್ಚುಕಡಿಮೆ ಆಗುವುದು ನಿಜ, ಆದರೆ ಅದು ಇಡೀ ಭೂಮಿಗೆ ಒಟ್ಟಿಗೇ ಆಗುತ್ತದೆ. ಋತುಗಳು ಹಾಗಲ್ಲ. ಉತ್ತರಾರ್ಧಗೋಳದಲ್ಲಿ ಚಳಿಗಾಲ ಇದ್ದಾಗ ದಕ್ಷಿಣಾರ್ಧಗೋಳದಲ್ಲಿ ಬೇಸಿಗೆ. ದೂರವೇ ಕಾರಣ ಆಗಿದ್ದರೆ ಎರಡೂ ಕಡೆ ಒಂದೇ ಋತು ಇರಬೇಕಿತ್ತು, ಅಲ್ವಾ? ಅಲ್ಲಿಗೆ ಆ ವಾದ ಮುಗಿಯಿತು.

ನಿಜವಾದ ಕಾರಣ ಓರೆ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿದೆ, ವರ್ಷಪೂರ್ತಿ ಒಂದೇ ಕಡೆಗೆ ವಾಲಿರುತ್ತದೆ. ಆರು ತಿಂಗಳು ಈ ಕಡೆ, ಆರು ತಿಂಗಳು ಆ ಕಡೆ ಬಾಗುತ್ತದೆ ಅಂತ ಕೆಲವರು ಅಂದುಕೊಂಡಿರುತ್ತಾರೆ, ಹಾಗೇನೂ ಇಲ್ಲ. ಭೂಮಿ ಸೂರ್ಯನ ಆಚೆ ಬದಿಗೆ ಹೋಗುವುದರಿಂದ, ಜೂನ್‌ನಲ್ಲಿ ಸೂರ್ಯನ ಕಡೆ ವಾಲಿದ್ದ ಉತ್ತರ ಭಾಗ ಡಿಸೆಂಬರ್‌ನಲ್ಲಿ ಸೂರ್ಯನಿಂದ ಆಚೆಗೆ ವಾಲಿದಂತಾಗುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಹಠಮಾರಿ: ವಾಲಿದ ಭಾಗ ಸೂರ್ಯನಿಗೆ ಹತ್ತಿರವಾಗುತ್ತದೆ, ಅದಕ್ಕೇ ಸೆಕೆ ಅನ್ನುವುದು. ಇಡೀ ಭೂಮಿಯ ಅಡ್ಡಳತೆಯೇ 12,742 ಕಿ.ಮೀ. ಹದಿನೈದು ಕೋಟಿಯಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಕೆಲಸ ಮಾಡುವುದು ಎರಡು ಸಂಗತಿ. ಬಿಸಿಲು ಎಷ್ಟು ನೇರವಾಗಿ ಬೀಳುತ್ತದೆ, ಎಷ್ಟು ಹೊತ್ತು ಬೀಳುತ್ತದೆ. 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಒಬ್ಬರು ನಿಂತಿದ್ದಾರೆ ಅನ್ನಿ. ಜೂನ್ 21ರ ಸುಮಾರಿಗೆ ನಡುಹಗಲಲ್ಲಿ ಸೂರ್ಯ ದಿಗಂತದಿಂದ 53 ಡಿಗ್ರಿ ಮೇಲಿರುತ್ತಾನೆ, ಹಗಲು ಹದಿನೆಂಟೂವರೆ ಗಂಟೆಗೂ ಜಾಸ್ತಿ. ಡಿಸೆಂಬರ್ 21ರ ಸುಮಾರಿಗೆ ಅದೇ ನಡುಹಗಲಲ್ಲಿ ಸೂರ್ಯನ ಎತ್ತರ 7 ಡಿಗ್ರಿಯೂ ಇಲ್ಲ, ಹಗಲು ಆರು ಗಂಟೆಗಿಂತ ಕಡಿಮೆ. ಅಷ್ಟು ಕೆಳಗಿನಿಂದ ಬರುವ ಬಿಸಿಲು ಓರೆಯಾಗಿ ಬಿದ್ದು, ಜೂನ್‌ಗಿಂತ ಸುಮಾರು ಏಳು ಪಟ್ಟು ಜಾಸ್ತಿ ನೆಲದ ಮೇಲೆ ಹರಡಿಹೋಗುತ್ತದೆ. ಬರೀ ಜ್ಯಾಮಿತಿಯಿಂದಲೇ ಏಳು ಪಟ್ಟು ವ್ಯತ್ಯಾಸ, ಮೇಲೆ ಹಗಲೂ ಮೂರರಲ್ಲಿ ಒಂದು ಪಾಲು. ಇದರ ಮುಂದೆ ದೂರದ ಶೇಕಡಾ 7 ಎಲ್ಲಿಗೆ ಸಾಟಿ?

ಸಮಭಾಜಕದ ಹತ್ತಿರ ಈ ವ್ಯತ್ಯಾಸ ತುಂಬಾ ಕಡಿಮೆ, ಅಲ್ಲಿ ವರ್ಷದ ಬದಲಾವಣೆಯನ್ನು ಚಳಿ ಸೆಕೆಗಿಂತ ಮಳೆಯಲ್ಲೇ ಹೆಚ್ಚು ಗುರುತಿಸುತ್ತಾರೆ.

ಪ್ರಶ್ನೆ: ಡಿಸೆಂಬರ್ ಹುಣ್ಣಿಮೆ ಮಧ್ಯರಾತ್ರಿಗೆ ನೆತ್ತಿಯ ಹತ್ತಿರ ಇರುತ್ತದೆ, ಜೂನ್ ಹುಣ್ಣಿಮೆ ದಕ್ಷಿಣಕ್ಕೆ ಕೆಳಗೇ ಉಳಿಯುತ್ತದೆ. ನನ್ನ ಭ್ರಮೆಯೋ ನಿಜವೋ?

ಉತ್ತರ: ನಿಜ, ಮತ್ತು ಇದನ್ನು ಗಮನಿಸಿದ್ದಕ್ಕೆ ಶಹಬ್ಬಾಸ್. ಹುಣ್ಣಿಮೆ ಚಂದ್ರ ಇರುವುದು ಸೂರ್ಯನ ಎದುರು ಬದಿಯಲ್ಲಿ. ಅಂದರೆ ಇನ್ನು ಆರು ತಿಂಗಳಿಗೆ ಸೂರ್ಯ ಎಲ್ಲಿರುತ್ತಾನೋ ಹೆಚ್ಚುಕಡಿಮೆ ಅಲ್ಲೇ. ಡಿಸೆಂಬರ್ ಚಂದ್ರ ಜೂನ್ ಸೂರ್ಯನ ದಾರಿ ಹಿಡಿಯುತ್ತಾನೆ, ಜೂನ್ ಚಂದ್ರ ಡಿಸೆಂಬರ್ ಸೂರ್ಯನ ದಾರಿ. ಮೇಲೆ ಹೇಳಿದ ಐದು ಡಿಗ್ರಿ ಓರೆಯಿಂದ ತುಸು ಆಚೀಚೆ ಆಗುತ್ತದೆ, ಅಷ್ಟೇ. ದಕ್ಷಿಣಾರ್ಧಗೋಳದವರಿಗೆ ಎಲ್ಲ ಉಲ್ಟಾ.

ಪ್ರಶ್ನೆ: ನಾವು ಕಾರಲ್ಲಿ ಹೋಗುವಾಗ ಚಂದ್ರ ನಮ್ಮ ಜೊತೆಗೇ ಬರ್ತಾನೆ. ಮರ ಎಲ್ಲ ಹಿಂದೆ ಹೋಗುತ್ತೆ. ಯಾಕೆ? (ಮೂರನೇ ತರಗತಿಯ ಓದುಗ)

ಉತ್ತರ: ಮರ ನಿನಗೆ ಹತ್ತಿರ ಪುಟ್ಟಾ, ಕಾರು ಸ್ವಲ್ಪ ಮುಂದೆ ಹೋದರೂ ಅದು ಹಿಂದೆ ಉಳಿದುಬಿಡುತ್ತದೆ. ಚಂದ್ರ 3,84,400 ಕಿ.ಮೀ. ದೂರದಲ್ಲಿದ್ದಾನೆ. ನಿಮ್ಮ ಕಾರು ಇಡೀ ದಿನ ಓಡಿದರೂ ಅಷ್ಟು ದೂರದವನಿಗೆ ನೀನು ಇದ್ದಲ್ಲೇ ಇದ್ದ ಹಾಗೆ. ದೂರದ ಬೆಟ್ಟವನ್ನೂ ಒಮ್ಮೆ ನೋಡು, ಅದೂ ಸ್ವಲ್ಪ ಹೊತ್ತು ನಿನ್ನ ಜೊತೆ ಬರುತ್ತದೆ.

ಪ್ರಶ್ನೆ: ಮಹಾವ್ಯಾಧ ನಕ್ಷತ್ರಪುಂಜವನ್ನು ಗುರುತಿಸಲು ಕಲಿತಿದ್ದೆ, ಸಾಲಾಗಿರುವ ಮೂರು ನಕ್ಷತ್ರ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಜೂನ್‌ನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ.

ಉತ್ತರ: ಜೂನ್‌ನಲ್ಲಿ ಸೂರ್ಯ ಎಲ್ಲಿದ್ದಾನೆ? ಮಹಾವ್ಯಾಧನ ಪಕ್ಕದಲ್ಲೇ. ನೀವು ಹುಡುಕಿದ ಮೂರು ನಕ್ಷತ್ರ ಹಗಲಲ್ಲಿ ಸೂರ್ಯನ ಜೊತೆ ಹುಟ್ಟಿ ಜೊತೆಗೇ ಮುಳುಗುತ್ತಿವೆ.

ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ ಸಾಕು, ನಮ್ಮ ಗಡಿಯಾರದ್ದು 24 ಗಂಟೆ. ಹಾಗಾಗಿ ಪ್ರತಿ ನಕ್ಷತ್ರವೂ ದಿನಕ್ಕೆ 4 ನಿಮಿಷ ಮೊದಲೇ ಹುಟ್ಟುತ್ತದೆ. ನಾಲ್ಕು ನಿಮಿಷ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ತಿಂಗಳಿಗೆ ಅದು ಎರಡು ಗಂಟೆ, ವರ್ಷಕ್ಕೆ ಪೂರ್ತಿ ಒಂದು ದಿನ. ಡಿಸೆಂಬರ್‌ನಲ್ಲಿ ಮಧ್ಯರಾತ್ರಿ ಎತ್ತರದಲ್ಲಿದ್ದ ಮಹಾವ್ಯಾಧ ಫೆಬ್ರವರಿಯಲ್ಲಿ ರಾತ್ರಿ ಎಂಟಕ್ಕೇ ಅಲ್ಲಿರುತ್ತಾನೆ, ಆಮೇಲೆ ಪಶ್ಚಿಮಕ್ಕೆ ಇಳಿದು ಸಂಜೆಯ ಬೆಳಕಿನಲ್ಲಿ ಕರಗುತ್ತಾನೆ.

ಜೂನ್ ಜುಲೈನಲ್ಲಿ ಆಕಾಶ ತಿಳಿಯಾಗಿದ್ದರೆ ವೃಶ್ಚಿಕ ನೋಡಿ. ನಡುವೆ ಕೆಂಪಗೆ ಜ್ಯೇಷ್ಠಾ, ಕೆಳಗೆ ಕೊಕ್ಕೆಯ ಹಾಗೆ ಬಾಗಿದ ಬಾಲ. ಅದು ಆಕಾಶದಲ್ಲಿ ಮಹಾವ್ಯಾಧನಿಗೆ ಹೆಚ್ಚುಕಡಿಮೆ ಎದುರು ಬದಿಯಲ್ಲಿದೆ, ಒಂದು ಮುಳುಗುವ ಹೊತ್ತಿಗೆ ಇನ್ನೊಂದು ಏಳುತ್ತದೆ.

ಪ್ರಶ್ನೆ: ಆಕಾಶದಲ್ಲಿ ಅತಿ ಪ್ರಕಾಶಮಾನ ನಕ್ಷತ್ರ ಧ್ರುವ ತಾನೇ?

ಉತ್ತರ: ಅಲ್ಲ. ರಾತ್ರಿಯ ನಕ್ಷತ್ರಗಳಲ್ಲಿ ಮೊದಲನೆಯದು ಲುಬ್ಧಕ, 8.6 ಜ್ಯೋತಿರ್ವರ್ಷ ದೂರದ್ದು. ಧ್ರುವದ ಹೆಚ್ಚುಗಾರಿಕೆ ಬೆಳಕಿನಲ್ಲಿಲ್ಲ, ಜಾಗ ಬಿಟ್ಟು ಕದಲುವುದಿಲ್ಲ ಅನ್ನುವುದರಲ್ಲಿದೆ. ಅದು ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಹೆಚ್ಚುಕಡಿಮೆ ಅದೇ ನೀವಿರುವ ಅಕ್ಷಾಂಶ.

ಪ್ರಶ್ನೆ: ಮಗನಿಗೆ ಟೆಲಿಸ್ಕೋಪ್ ಕೊಡಿಸಬೇಕೆಂದಿದ್ದೇನೆ. ಯಾವುದು ಒಳ್ಳೆಯದು?

ಉತ್ತರ: ಸದ್ಯಕ್ಕೆ ಯಾವುದೂ ಬೇಡ ಮೇಡಂ. ಆಕಾಶದ ಪರಿಚಯ ಇಲ್ಲದೆ ಟೆಲಿಸ್ಕೋಪ್ ತಂದರೆ ಮೊದಲ ವಾರ ಚಂದ್ರ ನೋಡಿ ಎರಡನೇ ವಾರ ಅಟ್ಟಕ್ಕೆ ಹಾಕುತ್ತಾರೆ. 7×50 ಅಥವಾ 10×50 ಬೈನಾಕ್ಯುಲರ್ ಸಾಕು. ಇಲ್ಲಿ ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಒಂದು ಮಾತು ಮಗನಿಗೆ ಗಟ್ಟಿಯಾಗಿ ಹೇಳಿ, ಅದನ್ನು ಸೂರ್ಯನ ಕಡೆ ತಿರುಗಿಸಲೇಬಾರದು, ಕಣ್ಣು ಹೋಗುತ್ತದೆ.

ಚಂದ್ರನ ಕುಳಿ ನೋಡಲು ಹುಣ್ಣಿಮೆ ಆರಿಸಬೇಡಿ. ಆಗ ಸೂರ್ಯ ನಮ್ಮ ಬೆನ್ನ ಹಿಂದೆ ಇದ್ದು, ಕುಳಿಗಳ ನೆರಳು ನಮಗೆ ಕಾಣುವುದೇ ಇಲ್ಲ, ಎಲ್ಲ ಚಪ್ಪಟೆ. ಅರ್ಧ ಚಂದ್ರನ ದಿನ ಬೆಳಕು ಕತ್ತಲಿನ ಗೆರೆಯ ಉದ್ದಕ್ಕೂ ನೋಡಿ, ಅಲ್ಲಿ ಸೂರ್ಯ ಈಗಷ್ಟೇ ಹುಟ್ಟುತ್ತಿರುತ್ತಾನೆ, ಸಣ್ಣ ದಿಬ್ಬಕ್ಕೂ ಉದ್ದನೆಯ ನೆರಳು. ಗುರುಗ್ರಹ ಮೇಲಿರುವ ತಿಂಗಳಾದರೆ ಮೊಣಕೈಗಳನ್ನು ಗೋಡೆಗೆ ಊರಿ, ಉಸಿರು ಹಿಡಿದು ನೋಡಲಿ. 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಚಂದ್ರಗಳು ಒಂದೇ ಗೆರೆಯಲ್ಲಿ ಚುಕ್ಕಿಗಳ ಹಾಗೆ ಕಾಣುತ್ತವೆ, ಕೆಲವೊಮ್ಮೆ ಎರಡೋ ಮೂರೋ ಮಾತ್ರ, ಉಳಿದವು ಗ್ರಹದ ಹಿಂದೆಯೋ ಮುಂದೆಯೋ ಇರುತ್ತವೆ. ನೋಡಿದ್ದನ್ನು ಕಾಗದದಲ್ಲಿ ಗುರುತು ಹಾಕಿಕೊಂಡು, ಮರುದಿನ ಅದೇ ಹೊತ್ತಿಗೆ ಹೋಲಿಸಲಿ.