ಮದರಾಸಿನಲ್ಲಿ ಸಿಕ್ಕ ಕಲ್ಲಿಗೆ ಎರಡು ಪುಟ ಯಾಕೆ?

ಅರಸೀಕೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯಲ್ಲಿ ಏಷ್ಯಾ ಎಂಬ ಕ್ಷುದ್ರಗ್ರಹಕ್ಕೆ ಎರಡು ಪುಟ ಸುಮ್ನೆ ಸುರಿದಿದ್ದೀರಿ. ಮಂಗಳ, ಗುರುಗಳ ನಡುವೆ ಅಂಥ ಕಲ್ಲುಗಳು ಲಕ್ಷಗಟ್ಟಲೆ ಇವೆ. ಕಂಡುಹಿಡಿದವನು ಇಂಗ್ಲಿಷಿನವನು, ವೀಕ್ಷಣಾಲಯ ಬ್ರಿಟಿಷ್ ಸರ್ಕಾರದ್ದು. ನಮಗೇನು ಸಂಬಂಧ?’

ಮೇಷ್ಟ್ರೇ, ಪತ್ರ ನೇರವಾಗಿದೆ, ಸಂತೋಷ. ಆಳಿದವರು ಅವರೇ, ದಾಖಲೆಯಲ್ಲಿ ಹೆಸರೂ ಅವರದೇ. ಅದನ್ನು ಒಪ್ಪುತ್ತೇನೆ. ಆದರೆ ಸಂಬಂಧವಿಲ್ಲ ಎಂಬ ಮಾತನ್ನು ಒಪ್ಪಲಾರೆ.

ನಾರ್ಮನ್ ಪಾಗ್ಸನ್ ಮದರಾಸು ವೀಕ್ಷಣಾಲಯಕ್ಕೆ ಬಂದದ್ದು 1861ರಲ್ಲಿ. ಅದೇ ವರ್ಷ ಏಪ್ರಿಲ್ 17ರಂದು ಅವರಿಗೆ ಏಷ್ಯಾ ಎಂಬ ಈ ಚುಕ್ಕಿ ಸಿಕ್ಕಿತು. ನಮ್ಮ ಖಂಡದಿಂದ ಪತ್ತೆಯಾದ ಮೊದಲ ಕ್ಷುದ್ರಗ್ರಹ, ಹಾಗಾಗಿ ಆ ಹೆಸರು. ಆಗ ಆಕಾಶದ ಫೋಟೋ ತೆಗೆದು ಹುಡುಕುವ ಕಾಲ ಬಂದಿರಲಿಲ್ಲ. ದೂರದರ್ಶಕದಲ್ಲಿ ಕಂಡ ಒಂದೊಂದು ಚುಕ್ಕಿಯನ್ನೂ ನಕ್ಷೆಯ ಜೊತೆ ತಾಳೆ ನೋಡಬೇಕು. ನಕ್ಷೆಯಲ್ಲಿ ಇಲ್ಲದ್ದು ಕಂಡರೆ ಮಾರನೆ ರಾತ್ರಿ ಮತ್ತೆ ಅದೇ ಜಾಗ ನೋಡಬೇಕು. ಜರುಗಿದ್ದರೆ ಅದು ನಕ್ಷತ್ರವಲ್ಲ. ಮೋಡ ಬಂದರೆ ಕಾಯಬೇಕು. ಇಷ್ಟು ತಾಳ್ಮೆಯ ಕೆಲಸ ಯಾರು ಮಾಡಿದರೂ ನಾನು ಕೈಮುಗಿಯುತ್ತೇನೆ.

ಏಷ್ಯಾ ಸುಮಾರು 60 ಕಿಲೋಮೀಟರ್ ಅಗಲದ ಕಲ್ಲು. ಸೂರ್ಯನನ್ನು ಸುತ್ತಲು ಅದಕ್ಕೆ ಮೂರು ಮುಕ್ಕಾಲು ವರ್ಷ ಬೇಕು. ತನ್ನ ಸುತ್ತ ತಾನು ತಿರುಗಲು ಸುಮಾರು 16 ಗಂಟೆ. ಬೆಳಕಿನ ಏರಿಳಿತವನ್ನು ಅಳೆದೇ ಇದನ್ನು ತಿಳಿದದ್ದು.

‘ಅಂಥ ಕಲ್ಲುಗಳು’ ಅಂದಿರಲ್ಲ, ಸಿಲ್ವಿಯಾ ಎಂಬ ಇನ್ನೊಂದು ಕ್ಷುದ್ರಗ್ರಹದ ವಿಷಯ ಕೇಳಿ. ಅದೂ ಮದರಾಸಿನಲ್ಲೇ, 1866ರಲ್ಲಿ ಪಾಗ್ಸನ್‌ಗೆ ಸಿಕ್ಕಿದ್ದು. ಒಂದು ತುದಿ ಬೆಂಗಳೂರಿನಲ್ಲಿಟ್ಟರೆ ಇನ್ನೊಂದು ತುದಿ ದಾವಣಗೆರೆ ಮುಟ್ಟುವಷ್ಟು ದೊಡ್ಡದು. 2001ರಲ್ಲಿ ಅದಕ್ಕೊಂದು ಪುಟ್ಟ ಚಂದ್ರ ಇರುವುದು ಗೊತ್ತಾಯಿತು. 2004ರ ವೀಕ್ಷಣೆಗಳಲ್ಲಿ ಇನ್ನೊಂದು ಸಿಕ್ಕಿತು. ಎರಡು ಚಂದ್ರರಿರುವ ಕ್ಷುದ್ರಗ್ರಹ ಅದಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲ. ಚಂದ್ರರು ಸುತ್ತುವ ರೀತಿಯಿಂದ ಸಿಲ್ವಿಯಾದ ತೂಕ ಲೆಕ್ಕ ಹಾಕಿದರು. ಅದರ ಸಾಂದ್ರತೆ ನೀರಿಗಿಂತ ಸ್ವಲ್ಪವೇ ಜಾಸ್ತಿ. ಅಂದರೆ ಅದು ಒಂದೇ ಬಂಡೆ ಅಲ್ಲ, ಒಳಗೆಲ್ಲ ಟೊಳ್ಳು ಜಾಗ ಇರುವ ಚೂರುಗಳ ರಾಶಿ. ಮದರಾಸಿನಲ್ಲಿ ಗುರುತು ಹಾಕಿದ ಒಂದು ಚುಕ್ಕಿ ಇಷ್ಟು ವರ್ಷಗಳ ಮೇಲೆ ಇಂಥ ವಿಷಯ ಹೇಳುತ್ತಿದೆ!

ಇನ್ನು ‘ಇಂಗ್ಲಿಷಿನವನು’ ಎಂಬ ಮಾತು. ಆ ವೀಕ್ಷಣಾಲಯದಲ್ಲಿ ಚಿಂತಾಮಣಿ ರಘುನಾಥಾಚಾರಿ ಎಂಬ ಸಹಾಯಕರಿದ್ದರು. ಪಂಚಾಂಗ ಕಟ್ಟುವ ಮನೆತನ. 1867ರಲ್ಲಿ ಹೊಳಪು ಬದಲಿಸುವ ನಕ್ಷತ್ರವೊಂದನ್ನು ಕಂಡುಹಿಡಿದರು. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಗೆ ಆಯ್ಕೆಯಾದರು. ಪಂಚಾಂಗವನ್ನು ಆಕಾಶ ನೋಡಿಯೇ ತಿದ್ದಬೇಕು ಎಂದು ಹಟ ಹಿಡಿದರು. 1874ರಲ್ಲಿ ಶುಕ್ರ ಗ್ರಹ ಸೂರ್ಯನ ಮುಂದೆ ಹಾಯುವುದನ್ನು ಜನರಿಗೆ ವಿವರಿಸಲು ಅವರು ಬರೆದ ಪುಸ್ತಕ ಕನ್ನಡದಲ್ಲೂ ಬಂತು. ಈ ಹೆಸರು ನಿಮ್ಮ ಶಾಲೆಯ ಪಾಠದಲ್ಲಿ ಎಂದಾದರೂ ಬಂದಿತ್ತಾ ಮೇಷ್ಟ್ರೇ?

ನನ್ನ ಸಂಕಟ ಇದೇ. ರಾತ್ರಿಯಿಡೀ ಕೂತು ಅಳೆದವರನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮದರಾಸಿನ ಆ ಪರಂಪರೆ ಕೊಡೈಕೆನಾಲ್ ದಾಟಿ ಇವತ್ತು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯಲ್ಲಿ ಮುಂದುವರಿದಿದೆ. ಅದೇ ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ 1988ರಲ್ಲಿ ಖಗೋಳಜ್ಞ ರಾಜಮೋಹನ್ ಒಂದು ಕ್ಷುದ್ರಗ್ರಹ ಕಂಡುಹಿಡಿದರು. ಅದರ ಹೆಸರು ರಾಮಾನುಜನ್. ಪೇಪರುಗಳಲ್ಲಿ ರಾಶಿಫಲಕ್ಕೆ ದಿನಾ ಜಾಗ ಇರುತ್ತದೆ, ಇಂಥವರಿಗೆ ವರ್ಷಕ್ಕೊಂದು ಕಾಲಂ ಸಿಗುವುದೂ ಕಷ್ಟ. ಭಾಷಣಕ್ಕೆ ಹೋಗಿದ್ದ ಒಂದು ಹೈಸ್ಕೂಲಿನಲ್ಲಿ ದೂರದರ್ಶಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮಕ್ಕಳು ಹಾಳು ಮಾಡಿಯಾರು ಅಂತ ಭಯ. ತೆಗೆಸಿ ನೋಡಿದರೆ ಮಸೂರಕ್ಕೆ ಬೂಷ್ಟು ಹಿಡಿದಿತ್ತು. ಎಂಥ ಅನ್ಯಾಯ ಅಲ್ವಾ?

ನೀವು ಪಾಠ ಹೇಳಿದವರು, ಮಕ್ಕಳು ನಿಮ್ಮ ಮಾತು ಕೇಳುತ್ತಾರೆ. ನಿಮ್ಮೂರಿನ ಶಾಲೆಯ ಬೀರುವನ್ನೂ ಒಮ್ಮೆ ತೆಗೆಸಿ ನೋಡಿ, ಏನು ಸಿಕ್ಕಿತು ಅಂತ ನಮಗೆ ಬರೆಯಿರಿ. ರಘುನಾಥಾಚಾರಿಗಳ ಬಗ್ಗೆ ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಇರುತ್ತದೆ.

— ಸಂಪಾದಕ