ಕೈ ಬದಲಾದರೆ ಗೊಂಬೆ ಅದೇ ಉಳಿಯುತ್ತದೆಯೇ?

ಪ್ರಶ್ನೆ: ಮಗಳ ಮನೆ ಅಮೆರಿಕದಲ್ಲಿದೆ. ಅಲ್ಲಿ ಮೊಮ್ಮಗನ ಜೊತೆ ಕೂತು ಕರ್ಮಿಟ್ ಎಂಬ ಕಪ್ಪೆಗೊಂಬೆಯ ಹಳೆಯ ಟಿವಿ ಕಾರ್ಯಕ್ರಮಗಳನ್ನೂ ಈಚಿನವನ್ನೂ ನೋಡಿದೆ. ದನಿ ಬೇರೆ ಅನ್ನಿಸಿತು. ಅದನ್ನು ಮಾಡಿ ಆಡಿಸುತ್ತಿದ್ದ ಜಿಮ್ ಹೆನ್ಸನ್ ತೀರಿಕೊಂಡ ಮೇಲೆ ಅವರ ಗೊಂಬೆಯನ್ನು ಇನ್ನೊಬ್ಬರಿಗೆ ಕೊಟ್ಟದ್ದು ಸರಿಯೇ?
(ಓದುಗರು, ಶಿವಮೊಗ್ಗ)

ಉತ್ತರ: ಕೊಟ್ಟದ್ದು ಸರಿ. ಆದರೆ ಎರಡನೆಯ ಸಲ ಕೊಟ್ಟ ರೀತಿ ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಕರ್ಮಿಟ್ ಹುಟ್ಟಿದ್ದು 1955ರಲ್ಲಿ. ಅಮ್ಮ ಉಟ್ಟು ಬಿಟ್ಟಿದ್ದ ಹಳೆಯ ಕೋಟಿನ ಬಟ್ಟೆ, ಎರಡು ಹೋಳು ಮಾಡಿದ ಪಿಂಗ್‌ಪಾಂಗ್ ಚೆಂಡು, ಇಷ್ಟರಲ್ಲಿ ಹೆನ್ಸನ್ ಅದನ್ನು ಹೊಲಿದರು. ತಲೆಯೊಳಗೆ ಯಂತ್ರವಿಲ್ಲ. ರೆಪ್ಪೆ ಬಡಿಯುವುದಿಲ್ಲ, ಕಣ್ಣುಗುಡ್ಡೆ ತಿರುಗುವುದಿಲ್ಲ. ಆದರೂ ಪೇಚಿಗೆ ಸಿಕ್ಕಿಕೊಂಡಾಗ ಅದರ ಮುಖ ಹಿಂಡಿಕೊಳ್ಳುತ್ತದಲ್ಲ, ಆಗ ಒಳಗಿನ ಮುಷ್ಟಿ ಬಿಗಿಯಾಗಿರುತ್ತದೆ. ಹುಬ್ಬು ಗಂಟಿಕ್ಕಿದಂತೆ ನಮಗೆ ಕಾಣುವುದು ಬೆರಳಿನ ಗೆಣ್ಣು. ಶಿಕ್ಷಕರಿಗೆ ಕೈಗೊಂಬೆ ಕಲಿಸುವಾಗ ನಾನು ಹೇಳಿಕೊಡುವ ಮೊದಲ ಪಾಠವೇ ಇದು: ಗೊಂಬೆ ಮಾತಾಡುವಾಗ ಮೇಲ್ದವಡೆಯನ್ನು ಎತ್ತಬೇಡಿ, ಹೆಬ್ಬೆರಳಿನಿಂದ ಕೆಳದವಡೆಯನ್ನು ಇಳಿಸಿ. ಇಷ್ಟು ಕೈಗೆ ಹತ್ತುವುದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಹಾಗಿರುವಾಗ ಮೂವತ್ತೈದು ವರ್ಷ ಒಬ್ಬರ ಕೈಗೆ ಒಗ್ಗಿದ ಪಾತ್ರಕ್ಕೆ ಬೇರೆ ಕೈ ಹೊಕ್ಕರೆ, ದನಿಗಿಂತ ಮೊದಲು ಮುಖವೇ ಬದಲಾಗುತ್ತದೆ. ಮುಂದಿನ ಸಲ ಟಿವಿಯ ಶಬ್ದ ನಿಲ್ಲಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಹೆನ್ಸನ್‌ಗೆ ಯಾರನ್ನೂ ಸಿದ್ಧಗೊಳಿಸಲು ಸಮಯವೇ ಸಿಗಲಿಲ್ಲ. ಬ್ಯಾಕ್ಟೀರಿಯಾದ ಸೋಂಕು ಶ್ವಾಸಕೋಶಕ್ಕೆ ಇಳಿದು 1990ರ ಮೇ 16ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ವಯಸ್ಸು 53. ಕರ್ಮಿಟ್ ಬಂದದ್ದು ಸ್ಟೀವ್ ವಿಟ್ಮೈರ್ ಪಾಲಿಗೆ. 1978ರಿಂದ ಅದೇ ತಂಡದಲ್ಲಿದ್ದು, ಹೆನ್ಸನ್ ಜೊತೆ ಭುಜಕ್ಕೆ ಭುಜ ತಾಗಿಸಿಕೊಂಡು ಕೈ ಮೇಲೆತ್ತಿ ದುಡಿದವರು. ಹೊರಗಿನಿಂದ ಒಬ್ಬ ಅನುಕರಣೆಗಾರನನ್ನು ಹುಡುಕಿ ತರಲಿಲ್ಲ ಎಂಬುದಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ. ಅದೇ ನವೆಂಬರಿನಲ್ಲಿ ಹೆನ್ಸನ್ ಸ್ಮರಣೆಯ ಟಿವಿ ಕಾರ್ಯಕ್ರಮದ ಕೊನೆಗೆ ಕರ್ಮಿಟ್ ಬಂದ. ದನಿ ತುಸು ಬೇರೆಯಿತ್ತು, ನಿಜ. ಆದರೆ ಆ ಕಪ್ಪೆ ತಡವರಿಸುವುದು, ಗೆಳೆಯರ ಗಲಾಟೆಯ ನಡುವೆ ತಾಳ್ಮೆ ತಂದುಕೊಳ್ಳುವುದು, ಎಲ್ಲವೂ ಉಳಿದಿದ್ದವು.

2004ರಲ್ಲಿ ಈ ಗೊಂಬೆಗಳನ್ನು ಡಿಸ್ನಿ ಕಂಪನಿ ಕೊಂಡುಕೊಂಡಿತು. 2016ರಲ್ಲಿ ವಿಟ್ಮೈರ್ ಅವರನ್ನು ಕೈಬಿಟ್ಟಿತು. ಪಾತ್ರ ಮ್ಯಾಟ್ ವೋಗಲ್‌ಗೆ ಹೋಯಿತು. ಜನರಿಗೆ ವಿಷಯ ತಿಳಿದದ್ದು 2017ರ ಜುಲೈಯಲ್ಲಿ. ವೋಗಲ್ ಒಳ್ಳೆಯ ಕಲಾವಿದರು, ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಪ್ಪತ್ತಾರು ವರ್ಷ ಆ ಕಪ್ಪೆಯನ್ನು ಉಸಿರಾಡಿಸಿದವರು ಹೋಗುವಾಗ, ಅದನ್ನು ಪ್ರೀತಿಸಿದವರಿಗೆ ಆಗಲೇ ಒಂದು ಮಾತು ಹೇಳಬೇಕಿತ್ತು.

ಪ್ರಶ್ನೆ: ಪಾತ್ರವನ್ನು ಚೆನ್ನಾಗಿ ದಾಟಿಸಿದ ಉದಾಹರಣೆ ಇದೆಯೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಇದೆ, ಅದನ್ನು ನೆನೆದರೆ ನನಗೆ ಖುಷಿಯಾಗುತ್ತದೆ. ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ‘ಸೆಸಮೆ ಸ್ಟ್ರೀಟ್’ನ ಬಿಗ್ ಬರ್ಡ್, ಎಂಟು ಅಡಿ ಎರಡು ಇಂಚು ಎತ್ತರದ ಹಳದಿ ಹಕ್ಕಿ. ಅದರೊಳಗೆ 1969ರಿಂದ ಇದ್ದವರು ಕ್ಯಾರಲ್ ಸ್ಪಿನ್ನಿ. ಬಲಗೈಯನ್ನು ನೆತ್ತಿಯ ಮೇಲೆ ನೆಟ್ಟಗೆ ಎತ್ತಿ ಹಕ್ಕಿಯ ತಲೆ ಆಡಿಸಬೇಕು. ಹೊರಗೇನೂ ಕಾಣದ ಕಾರಣ ಎದೆಗೆ ಕಟ್ಟಿಕೊಂಡ ಪುಟ್ಟ ಟಿವಿಯಲ್ಲಿ ತನ್ನನ್ನೇ ನೋಡಿಕೊಂಡು ಹೆಜ್ಜೆ ಇಡಬೇಕು. ಐದು ನಿಮಿಷ ಕೈ ಎತ್ತಿ ನಿಂತು ನೋಡಿ, ಅವರ ದುಡಿಮೆ ಎಂಥದೆಂದು ತಿಳಿಯುತ್ತದೆ. ಈಗ ಹೇಳಿದ ಅದೇ ಮ್ಯಾಟ್ ವೋಗಲ್ 1990ರ ದಶಕದಿಂದಲೇ ಅವರ ಬಳಿ ಕಲಿತರು. ವಯಸ್ಸಾಗಿ ಹಕ್ಕಿಯ ಮೈ ಹೊರಲಾಗದಿದ್ದಾಗ ಸ್ಪಿನ್ನಿ ದನಿ ಮಾತ್ರ ಕೊಟ್ಟರು, ಒಳಗೆ ವೋಗಲ್ ನಡೆದಾಡಿದರು. 2018ರಲ್ಲಿ ಸ್ಪಿನ್ನಿ ನಿವೃತ್ತರಾಗಿ ಮರುವರ್ಷ ತೀರಿಕೊಂಡಾಗ ಹಕ್ಕಿ ಅನಾಥವಾಗಲಿಲ್ಲ. ಡೊನಾಲ್ಡ್ ಡಕ್‌ನ ಕತೆಯೂ ಇಂಥದೇ. 1934ರಿಂದ ಆ ಬಾತುಕೋಳಿಯ ದನಿಯಾಗಿದ್ದ ಕ್ಲಾರೆನ್ಸ್ ನ್ಯಾಶ್ ಸ್ವತಃ ಟೋನಿ ಆನ್ಸೆಲ್ಮೊಗೆ ಅದನ್ನು ಕಲಿಸಿ 1985ರಲ್ಲಿ ಕಣ್ಮುಚ್ಚಿದರು.

ಪ್ರಶ್ನೆ: ಹಾಗಾದರೆ ಚಾರ್ಲಿ ಬ್ರೌನ್, ಸ್ನೂಪಿಯ ಪತ್ರಿಕಾ ವ್ಯಂಗ್ಯಚಿತ್ರಗಳನ್ನು ಯಾರೂ ಏಕೆ ಮುಂದುವರಿಸಲಿಲ್ಲ?
(ಓದುಗರು, ಮೈಸೂರು)

ಉತ್ತರ: ಅವನ್ನು ಸೃಷ್ಟಿಸಿದ ಚಾರ್ಲ್ಸ್ ಶುಲ್ಜ್ ಬೇಡ ಎಂದಿದ್ದರು. ಸುಮಾರು ಐವತ್ತು ವರ್ಷ ತಾವೇ ಬರೆದರು. 2000ದ ಫೆಬ್ರವರಿ 12ರ ರಾತ್ರಿ ತೀರಿಕೊಂಡರು, ಕೊನೆಯ ಚಿತ್ರ ಮರುದಿನದ ಪತ್ರಿಕೆಯಲ್ಲಿ ಬಂತು. ಪತ್ರಿಕೆಗಳು ಆಮೇಲೆ ಹಳೆಯವನ್ನೇ ಮರುಮುದ್ರಿಸಿದವು. ಸೃಷ್ಟಿಸಿದವರು ಸ್ಪಷ್ಟವಾಗಿ ಬೇಡ ಎಂದ ಮೇಲೆ ಚರ್ಚೆಗೆ ಜಾಗವಿಲ್ಲ.

ಪ್ರಶ್ನೆ: ನಮ್ಮ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಕೋತಿಯ ಕೈಗೊಂಬೆಯಿಂದ ಗಣಿತ ಕಲಿಸುತ್ತಿದ್ದರು. ಅವರಿಗೆ ವರ್ಗವಾಗಿದೆ. ಗೊಂಬೆ ನನಗೆ ಬಂದಿದೆ. ನಾನು ಆಡಿಸಿದರೆ ಮಕ್ಕಳು ‘ಇದು ನಮ್ಮ ಕೋತಿಯಲ್ಲ’ ಎನ್ನುತ್ತಾರೆ. ಹೊಸ ಗೊಂಬೆ ಮಾಡಲೇ?
(ಶಿಕ್ಷಕಿ, ಹಾಸನ ಜಿಲ್ಲೆ)

ಉತ್ತರ: ದಯವಿಟ್ಟು ಬೇಡ. ನಿಮ್ಮ ಮೇಷ್ಟ್ರು ಇದ್ದಾರೆ, ಹೆನ್ಸನ್ ತಂಡಕ್ಕೆ ಸಿಗದ ಭಾಗ್ಯ ಅದು. ಒಂದು ಶನಿವಾರ ಅವರನ್ನು ಶಾಲೆಗೆ ಕರೆಸಿ. ಮಕ್ಕಳ ಎದುರಿಗೇ ಅವರು ಕೋತಿಯನ್ನು ಆಡಿಸಲಿ, ಅರ್ಧದಲ್ಲಿ ನಿಮ್ಮ ಕೈಗೆ ಹಾಕಲಿ. ಮರೆಮಾಚಬೇಡಿ, ಮಕ್ಕಳು ನೋಡಲಿ. ಅವರ ಗಂಟಲನ್ನು ಅನುಕರಿಸಲು ಹೋಗಬೇಡಿ, ನಿಮ್ಮ ದನಿ ದಣಿಯುತ್ತದೆ, ಮಕ್ಕಳೂ ನಂಬುವುದಿಲ್ಲ. ಬದಲಿಗೆ ಕೋತಿಯ ಅಭ್ಯಾಸಗಳನ್ನು ಕೇಳಿ ಬರೆದುಕೊಳ್ಳಿ: ಲೆಕ್ಕ ತಪ್ಪಿದಾಗ ತಲೆ ಕೆರೆಯುತ್ತದೆಯೇ, ಮುಖ ತಿರುಗಿಸುತ್ತದೆಯೇ? ಉತ್ತರಿಸುವ ಮೊದಲು ಎಷ್ಟು ಹೊತ್ತು ಸುಮ್ಮನಿರುತ್ತದೆ? ಯಾವ ಮಗುವನ್ನು ಯಾವ ಅಡ್ಡಹೆಸರಿನಿಂದ ಕರೆಯುತ್ತದೆ? ಕನ್ನಡಿಯ ಮುಂದೆ ದಿನವೂ ಹತ್ತು ನಿಮಿಷ ಅಭ್ಯಾಸ ಮಾಡಿ. ಕೆಳದವಡೆಯ ಪಾಠ ಮೇಲೆ ಹೇಳಿದ್ದೇನೆ. ಮೊದಲ ತಿಂಗಳು ಕೋತಿಗೆ ಮಾತು ಕಡಿಮೆ ಇರಲಿ, ಕೈಯಾಟ ಹೆಚ್ಚಿರಲಿ. ಗೊಂಬೆಯ ಅಳತೆ ಬರೆದು ಕಳುಹಿಸಿದರೆ ನಿಮ್ಮ ಕೈಗೆ ಒಳಗವಸು ಹೊಲಿಯುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ತಿಳಿಸುತ್ತೇನೆ.